ಬಾಚಣಿಗೆಯ ಲೆಕ್ಕ

ಹಣೆಯಿಂದ ನೆತ್ತಿಯವರೆಗೆ ಬಟ್ಟಬಯಲಾಗಿರುವ ನನ್ನಂಥವನು ಕೂದಲಿನ ಬಗ್ಗೆ ಬರೆಯಲು ಕೂತರೆ ಓದುಗರು ನಗಬಹುದು. 'ಮೊದಲು ನಿಮ್ಮ ತಲೆ ನೋಡಿಕೊಳ್ಳಿ ಮೇಷ್ಟ್ರೇ' ಎನ್ನಲೂಬಹುದು. ಆದರೆ ಕಳೆದುಕೊಂಡವನಿಗೆ ತಿಳಿದಷ್ಟು ವಸ್ತುವಿನ ಬೆಲೆ ಇಟ್ಟುಕೊಂಡವನಿಗೆ ತಿಳಿದಿರುವುದಿಲ್ಲ. ಮೇಲಾಗಿ, ಹೈಸ್ಕೂಲು ಮಕ್ಕಳಿಗೆ 28 ವರ್ಷಗಳಿಂದ ವಿಜ್ಞಾನ ಹೇಳುತ್ತಿರುವವನಿಗೆ ತನ್ನ ತಲೆಯ ಮೇಲೆಯೇ ನಡೆದ ಪ್ರಯೋಗದ ಬಗ್ಗೆ ನಾಲ್ಕು ಮಾತು ಆಡುವ ಹಕ್ಕಾದರೂ ಇರಬೇಕಲ್ಲ!

ನಮ್ಮ ಸ್ಟಾಫ್ ರೂಮಿನಲ್ಲಿ ಯಾರಾದರೂ 'ಕೂದಲು ಉದುರುತ್ತಿದೆ' ಎಂದರೆ ಸಾಕು, ಔಷಧಿಗಳ ಸುರಿಮಳೆ. ಕನ್ನಡ ಮೇಡಂ ದಾಸವಾಳದ ಸೊಪ್ಪು ಎನ್ನುತ್ತಾರೆ. ಡ್ರಿಲ್ ಮಾಸ್ತರರು ಈರುಳ್ಳಿ ರಸ ಎನ್ನುತ್ತಾರೆ. ಗುಮಾಸ್ತರು ಎಲ್ಲ ತಪ್ಪನ್ನೂ ಬೋರ್‌ವೆಲ್ ನೀರಿನ ಮೇಲೆ ಹಾಕುತ್ತಾರೆ. ಜ್ವರವೆಂದರೆ 'ಯಾವ ಜ್ವರ? ಎಷ್ಟು ದಿನದಿಂದ?' ಎಂದು ಕೇಳುವ ನಾವು, ಕೂದಲು ಉದುರುವುದರಲ್ಲಿಯೂ ಹಲವು ಬಗೆ ಇರಬಹುದೆಂದು ಯೋಚಿಸುವುದೇ ಇಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆಯುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರ ಕುಗ್ಗುತ್ತದೆ, ಮೂರು ತಿಂಗಳಷ್ಟು ಕಾಲ ಸುಮ್ಮನೆ ವಿಶ್ರಾಂತಿಯಲ್ಲಿದ್ದು ಕಳಚಿ ಬೀಳುತ್ತದೆ. ಒಂದು ಕೂದಲಿನ ಆಯುಸ್ಸು ಸರಾಸರಿ 1,000 ದಿನ ಎಂದು ಇಟ್ಟುಕೊಳ್ಳಿ. ಲಕ್ಷವನ್ನು ಸಾವಿರದಿಂದ ಭಾಗಿಸಿದರೆ 100. ಅಂದರೆ ದಿನಕ್ಕೆ ಐವತ್ತರಿಂದ ನೂರು ಕೂದಲು ಬಾಚಣಿಗೆಗೆ ಸಿಕ್ಕಿದರೆ ಅದು ರೋಗವಲ್ಲ, ಬರೀ ಭಾಗಾಕಾರ. ವಾರಕ್ಕೊಮ್ಮೆ ತಲೆಗೆ ನೀರು ಹಾಕುವವರಿಗೆ ಆ ದಿನ ಕೈತುಂಬ ಬಂದಂತೆ ಕಾಣುವುದೂ ಸಹಜ. ಒಬ್ಬಳ ಜಡೆ ಸೊಂಟ ಮುಟ್ಟಿದರೆ ಇನ್ನೊಬ್ಬಳದು ಭುಜಕ್ಕೇ ನಿಲ್ಲುವುದೇಕೆ ಎಂಬುದಕ್ಕೂ ಉತ್ತರ ಇಲ್ಲಿದೆ. ಆರು ವರ್ಷ ಬೆಳೆಯುವ ಕೂದಲು 70 ಸೆಂಟಿಮೀಟರ್ ದಾಟುತ್ತದೆ, ಎರಡೇ ವರ್ಷ ಬೆಳೆಯುವುದು 24ಕ್ಕೆ ಮುಗಿಯುತ್ತದೆ.

ಪ್ರತಿವರ್ಷ ಮಕ್ಕಳಿಗೆ ಉದುರಿದ ಕೂದಲೊಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇನೆ. ತುದಿಯಲ್ಲಿ ಬಿಳಿಯ ಗುಂಡು ಕಾಣುತ್ತದೆ. 'ಸಾರ್, ಬೇರೇ ಕಿತ್ತು ಬಂದಿದೆ!' ಎಂದು ಕೂಗುತ್ತಾರೆ. ಅದು ಬೇರಲ್ಲ. ಕೂದಲನ್ನು ಹುಟ್ಟಿಸುವ ಬುಡ ಚರ್ಮದ ಕೆಳಗೆ ಭದ್ರವಾಗಿಯೇ ಇರುತ್ತದೆ. ತೆಂಗಿನ ಮರದ ಒಣಗಿದ ಗರಿ ಕಳಚಿ ಬಿದ್ದರೆ ಮರ ಸತ್ತಂತಾಗುತ್ತದೆಯೇ? ತುದಿಯಲ್ಲಿ ಗುಂಡು ಇಲ್ಲದಿದ್ದರೆ ಅದು ಉದುರಿದ್ದಲ್ಲ, ತುಂಡಾದದ್ದು. ಎಳೆದು ಕಟ್ಟಿದ ಜಡೆ, ಒದ್ದೆ ತಲೆಯನ್ನು ಬಾಚುವ ಆತುರ, ಬಿಸಿ ಯಂತ್ರಗಳ ಇಸ್ತ್ರಿ ಇವೆಲ್ಲ ಅದಕ್ಕೆ ಕಾರಣ.

ಕೆಲವು ವರ್ಷಗಳ ಹಿಂದೆ ನನ್ನ ಮನೆಯವರಿಗೆ ಡೆಂಗಿ ಜ್ವರ ಬಂದು ವಾಸಿಯಾಯಿತು. ಎರಡೂವರೆ ತಿಂಗಳ ನಂತರ ಬಚ್ಚಲ ತೂಬು ಕಟ್ಟಿಕೊಳ್ಳುವಷ್ಟು ಕೂದಲು. 'ಏನೂಂದ್ರೆ, ಹೊಸ ಶಾಂಪೂ ತಂದಿರಲ್ಲ, ಅದರದೇ ಕೆಲಸ' ಎಂದು ತೀರ್ಪು ಕೊಟ್ಟರು. ಚರ್ಮದ ಡಾಕ್ಟರು ಶಾಂಪೂ ವಿಚಾರ ಎತ್ತಲೇ ಇಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: 'ಮೂರು ತಿಂಗಳ ಹಿಂದೆ ಏನಾಗಿತ್ತಮ್ಮಾ?'

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಮನುಷ್ಯ ನಡೆದುಕೊಳ್ಳಬಹುದು, ಅವನ ದೇಹ ಹಾಗೆ ನಡೆದುಕೊಳ್ಳುವುದಿಲ್ಲ. ವಿಷಮಜ್ವರ, ಆಪರೇಷನ್, ಹೆರಿಗೆ, ಉಪವಾಸ, ದೊಡ್ಡ ದುಃಖ, ಇಂಥ ಕಷ್ಟ ಬಂದಾಗ ಅದು ಮೊದಲು ಖರ್ಚು ಕಡಿತ ಮಾಡುವುದೇ ಜುಟ್ಟಿನ ಬಾಬ್ತಿನಲ್ಲಿ. ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. 2020-21ರ ಕೊರೊನಾ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಕಂಡದ್ದೂ ಇದೇ. ಬಾಣಂತಿಯರು 'ಮಗು ನಗಲು ಶುರುಮಾಡಿದಾಗ ಕೂದಲು ಉದುರುತ್ತೆ' ಎನ್ನುತ್ತಾರಲ್ಲ, ಆ ಮಾತಿನಲ್ಲಿ ಕಾರಣ ತಪ್ಪಿದ್ದರೂ ಕಾಲದ ಲೆಕ್ಕ ಸರಿಯಾಗಿಯೇ ಇದೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಇದು ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದರೆ ರಕ್ತದಲ್ಲಿ ಕಬ್ಬಿಣದ ಅಂಶ ಮತ್ತು ಥೈರಾಯ್ಡ್ ನೋಡಿಸಬೇಕು.

ಸಂತೆಯಲ್ಲಿ ಬಾಟಲಿ ಮಾರುವವನಿಗೆ ಈ 'ತಾನಾಗಿಯೇ' ಎನ್ನುವುದೇ ಬಂಡವಾಳ. ನಾಲ್ಕನೆಯ ತಿಂಗಳು ಗಾಬರಿಯಿಂದ ಎಣ್ಣೆ ಕೊಳ್ಳುತ್ತೇವೆ, ಆರನೆಯ ತಿಂಗಳು ಉದುರುವುದು ನಿಲ್ಲುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ!

ನನ್ನದು ಬೇರೆ ಕಥೆ. ಇಲ್ಲಿ ಕೂದಲು ಒಟ್ಟಿಗೆ ಉದುರುವುದಿಲ್ಲ. ಪ್ರತಿಸಲ ಹುಟ್ಟುವಾಗಲೂ ಹಿಂದಿನದಕ್ಕಿಂತ ತೆಳ್ಳಗೆ, ಮೋಟಾಗಿ ಹುಟ್ಟಿ ಕೊನೆಗೆ ಬರೀ ನವಿರು ಉಳಿಯುತ್ತದೆ. ಗಂಡಸರ ಹಾರ್ಮೋನು ಟೆಸ್ಟೋಸ್ಟೆರಾನ್ ಚರ್ಮದಲ್ಲಿ ಡೈಹೈಡ್ರೋಟೆಸ್ಟೋಸ್ಟೆರಾನ್ ಆಗಿ ಮಾರ್ಪಟ್ಟು ಈ ಕೆಲಸ ಮಾಡುತ್ತದೆ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿಯೇ ಇದರ ಸುಳಿವು ಕೊಟ್ಟಿದ್ದ. ಹರೆಯಕ್ಕೆ ಮುನ್ನವೇ ವೃಷಣ ಕಳೆದುಕೊಂಡವರಿಗೆ ತಲೆ ಬೋಳಾಗುವುದಿಲ್ಲ, ಆದರೆ ಮನೆತನದಲ್ಲಿ ಬೊಕ್ಕತಲೆ ಇದ್ದವರಿಗೆ ಆ ಹಾರ್ಮೋನು ಕೊಟ್ಟರೆ ಬೋಳಾಗುತ್ತದೆ ಎಂದು ಅವನು ತೋರಿಸಿದ. ಇದು ಸೋದರಮಾವನಿಂದ ಮಾತ್ರ ಬರುತ್ತದೆ ಎಂಬ ಮಾತು ಅರ್ಧ ಸತ್ಯ. ತಾಯಿಯ ಕಡೆಯಿಂದ ಬರುವ ಒಂದು ಜೀನ್ ಮುಖ್ಯವಾದದ್ದೇ, ಆದರೆ ಅಪ್ಪನ ಕಡೆಯ ಕೊಡುಗೆಯೂ ಇದೆ.

ಇದಕ್ಕೆ ಔಷಧಿ ಇಲ್ಲವೆಂದಲ್ಲ. ರಕ್ತದೊತ್ತಡಕ್ಕೆಂದು ಕೊಡುತ್ತಿದ್ದ ಮಿನಾಕ್ಸಿಡಿಲ್ ಮಾತ್ರೆ ನುಂಗಿದವರ ಮುಖ, ಕೈಗಳಲ್ಲಿ ಕೂದಲು ಬೆಳೆದದ್ದು ಕಂಡು ಅದನ್ನೇ ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ ಅದಕ್ಕೆ 1988ರಲ್ಲಿ ಅನುಮತಿ ಸಿಕ್ಕಿತು. ಬೊಕ್ಕತಲೆಗೆ ಫಿನಾಸ್ಟರೈಡ್ ಮಾತ್ರೆ ಬಂದದ್ದು 1997ರಲ್ಲಿ. ಎರಡೂ ಇದ್ದುದನ್ನು ಉಳಿಸುವುದರಲ್ಲಿ ಗಟ್ಟಿ. ನುಣ್ಣಗಾದ ಬಯಲಿನಲ್ಲಿ ಬೆಳೆ ತೆಗೆಯುವುದು ಅವುಗಳಿಗೆ ಕಷ್ಟ. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಮೊದಲಿನಂತೆ. ಫಿನಾಸ್ಟರೈಡ್ ಮಾತ್ರೆಯ ಚೂರನ್ನು ಬಸುರಿಯರು ಮುಟ್ಟಲೂಬಾರದು. ಹಾಗಾಗಿ ಯಾವುದಕ್ಕೂ ಡಾಕ್ಟರ ಸಲಹೆ ಬೇಕು.

ಇನ್ನು ತಲೆಯ ನವೆ. ಹೆಚ್ಚಿನವರಲ್ಲಿ ಇದರ ಮೂಲ ಹೊಟ್ಟು. ಎಲ್ಲರ ನೆತ್ತಿಯ ಮೇಲೂ ಮಲಸೀಜಿಯ ಎಂಬ ಯೀಸ್ಟ್ ಜಾತಿಯ ಸೂಕ್ಷ್ಮಜೀವಿ ವಾಸವಾಗಿದೆ. ಫ್ರಾನ್ಸಿನ ಲೂಯಿ ಷಾರ್ಲ್ ಮಲಸೇ 1874ರಲ್ಲಿ ಅದನ್ನು ಹೊಟ್ಟಿನಲ್ಲಿ ಗುರುತಿಸಿದ. ಅದರ ಆಹಾರ ನಮ್ಮ ಚರ್ಮದ ಜಿಡ್ಡು. ತಿಂದು ಉಳಿಸುವ ಓಲಿಯಿಕ್ ಆಮ್ಲ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಅವರ ನೆತ್ತಿ ಕೆರಳಿ, ಚರ್ಮದ ಕೋಶಗಳು ಬೇಗಬೇಗ ಹುಟ್ಟಿ, ಬಿಳಿಯ ಪುಡಿಯಾಗಿ ಉದುರುತ್ತವೆ. ನಾವೇನು ಮಾಡುತ್ತೇವೆ? 'ತಲೆ ಒಣಗಿದೆ' ಎಂದು ರಾತ್ರಿಯಿಡೀ ಎಣ್ಣೆ ಹಚ್ಚಿ ಅದಕ್ಕೆ ಔತಣ ಹಾಕುತ್ತೇವೆ. ಕೊಬ್ಬರಿ ಎಣ್ಣೆ ಕೂದಲಿನ ಎಳೆಗೆ ಒಳ್ಳೆಯದು, ಆದರೆ ಹೊಟ್ಟಿರುವ ನೆತ್ತಿಗೆ ಅಲ್ಲ. ಕೀಟೊಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆರಡು ಸಲ ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದರೆ ಎರಡರಿಂದ ನಾಲ್ಕು ವಾರಗಳಲ್ಲಿ ಹೆಚ್ಚಿನವರಿಗೆ ಗುಣ ಕಾಣುತ್ತದೆ. ಹಚ್ಚಿದ ಕೂಡಲೇ ತೊಳೆದರೆ ದುಡ್ಡು ಬಚ್ಚಲ ಪಾಲು.

ನವೆಗೆ ಬೇರೆ ಕಾರಣಗಳೂ ಇವೆ. ಮಕ್ಕಳ ತಲೆ ತುರಿಸಿದರೆ ಕಿವಿಯ ಹಿಂದೆ ಸೀರು ಹುಡುಕಿ. ನಮ್ಮ ಅಜ್ಜಿಯರ ಸೀರಣಿಗೆ ಇಂದಿಗೂ ಒಳ್ಳೆಯ ಉಪಕರಣವೇ. ದೊಡ್ಡವರಿಗೆ ಬಣ್ಣ ಹಚ್ಚಿದ ಮರುದಿನ ತುರಿಕೆ, ಊತ ಬಂದರೆ ಕಪ್ಪು ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕದ ಮೇಲೆ ಅನುಮಾನಪಡಿ.

ನನ್ನ ಮನಸ್ಸು ಕಲಕಿದ ಪ್ರಕರಣದಲ್ಲಿ ನವೆಯೂ ಇರಲಿಲ್ಲ, ಹೊಟ್ಟೂ ಇರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯ ತಲೆಯಲ್ಲಿ ರೂಪಾಯಿ ಅಗಲದ ಎರಡು ನುಣುಪು ಬಟ್ಟುಗಳು ಕಾಣಿಸಿಕೊಂಡವು. 'ಹುಳ ತಿಂದಿದೆ, ನಮಗೂ ಅಂಟುತ್ತೆ' ಎಂದು ಪಕ್ಕದವರು ಬೆಂಚು ಬಿಟ್ಟರು. ಅವಳು ಶಾಲೆಯನ್ನೇ ಬಿಟ್ಟಳು. ಮೂರು ವಾರವಾದರೂ ಬಾರದಿದ್ದಾಗ ಮನೆಗೆ ಹೋದೆ. ತಾಯಿ ಯಾರೋ ಹೇಳಿದರೆಂದು ಹಸಿ ಬೆಳ್ಳುಳ್ಳಿ ಉಜ್ಜಿ ಚರ್ಮ ಸುಟ್ಟು ಕೆಂಪಾಗಿತ್ತು. 'ಇನ್ನು ಇವಳನ್ನ ಯಾರು ಮದುವೆ ಆಗ್ತಾರೆ ಮೇಷ್ಟ್ರೇ?' ಎಂದು ಆಕೆ ಅತ್ತರು. ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಅವರನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರು ಬಟ್ಟಿನ ಅಂಚಿನ ಕೂದಲನ್ನು ಪರೀಕ್ಷಿಸಿ, ಇದು ಮಕ್ಕಳಿಗೆ ಅಂಟುವ ಹುಳಕಡ್ಡಿಯಲ್ಲ, ಅಲೋಪೇಷಿಯ ಅರಿಯೇಟಾ ಎಂದರು. ದೇಹವನ್ನು ಕಾಯಬೇಕಾದ ರಕ್ತಕಣಗಳು ಕೂದಲ ಬುಡವನ್ನೇ ಶತ್ರುವೆಂದು ತಿಳಿದು ಮುತ್ತಿಗೆ ಹಾಕುವ ತೊಂದರೆ. ಹುಳವಿಲ್ಲ, ಅಂಟುವುದಿಲ್ಲ, ಬುಡ ಸತ್ತಿರುವುದಿಲ್ಲ. ಹಚ್ಚಲು ಮುಲಾಮು ಕೊಟ್ಟರು. ಮರುದಿನ ತರಗತಿಯಲ್ಲಿ ಅವಳ ಹೆಸರೆತ್ತದೆ ರೋಗನಿರೋಧಕ ಶಕ್ತಿಯ ಪಾಠ ಮಾಡಿದೆ. ಪಠ್ಯದ ಸರದಿಯಲ್ಲಿ ಆ ಪಾಠ ಇನ್ನೂ ದೂರವಿತ್ತು. ಮುಂದಿನ ಸೋಮವಾರ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಳು.

ನಾಲ್ಕು ತಿಂಗಳಿಗೆ ಬಟ್ಟುಗಳಲ್ಲಿ ಕೂದಲು ಮೂಡಿತು, ಬೆಳ್ಳಗೆ! ಯಾರೋ 'ಅಜ್ಜಿ' ಎಂದು ಕಿಚಾಯಿಸಿದರು. 'ಮೊದಲು ಬೆಳ್ಳಗೇ ಬರೋದು, ಬಣ್ಣ ಆಮೇಲೆ ಬರುತ್ತೆ, ಡಾಕ್ಟರೇ ಹೇಳಿದಾರೆ' ಎಂದು ಅವಳೇ ಉತ್ತರ ಕೊಟ್ಟಳು. ಮರುವರ್ಷ ಇನ್ನೊಂದು ಕಡೆ ಮತ್ತೊಂದು ಬಟ್ಟು ಬಂತು. ಈ ತೊಂದರೆ ಹೀಗೆ ಮರಳುವುದುಂಟು. ಆದರೆ ಆ ಸಲ ಅವಳು ಒಂದು ದಿನವೂ ರಜೆ ಹಾಕಲಿಲ್ಲ. ಬೆಂಚಿನ ಗೆಳತಿಯೇ ಪ್ರತಿ ಶನಿವಾರ ಸ್ಕೇಲು ಹಿಡಿದು ಬಟ್ಟಿನ ಅಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಆದ್ದರಿಂದ ಓದುಗರೇ, ಕೂದಲು ಎಂದಿಗಿಂತ ಹೆಚ್ಚು ಉದುರಿದರೆ ಮೊದಲು ಗೋಡೆಯ ಕ್ಯಾಲೆಂಡರನ್ನು ಮೂರು ಹಾಳೆ ಹಿಂದಕ್ಕೆ ತಿರುವಿ ನೋಡಿ. ಬಟ್ಟುಬಟ್ಟಾಗಿ ಹೋದರೆ, ನೆತ್ತಿ ಕೆಂಪಾಗಿ ಕೀವಾದರೆ, ಆರು ತಿಂಗಳಾದರೂ ನಿಲ್ಲದಿದ್ದರೆ ಡಾಕ್ಟರ ಬಳಿ ಹೋಗಿ. ಹೋಗುವಾಗ ಎಣ್ಣೆಯ ಬಾಟಲಿಗಳನ್ನು ಮನೆಯಲ್ಲೇ ಬಿಡಿ, ಆ ಕ್ಯಾಲೆಂಡರನ್ನು ಮಾತ್ರ ಮರೆಯದೆ ಒಯ್ಯಿರಿ.