ಮೇಳ ಬಿಡ್ತ್ರಡ

ಜನವರಿ 19, 2024, ಶುಕ್ರವಾರ. ಹೊನ್ನಾವರ

ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಬನ್ಸು ಮುರಿಯುತ್ತಿದ್ದೆ. ಪಕ್ಕದ ಟೇಬಲಿನಿಂದ ಮಾತು ಬಂತು: ‘ಮೇಳ ಬಿಡ್ತ್ರಡ.’ ಬಿಡುತ್ತಾರಂತೆ, ಆದರೆ ಯಾರು ಎಂದು ಒಬ್ಬರೂ ಕೇಳಲಿಲ್ಲ. ಈ ಸೀಮೆಯ ಯಕ್ಷಗಾನದಲ್ಲಿ ಹಾಗೆ ಹೆಸರಿಲ್ಲದೆ ಗುರುತಾಗುವ ಎರಡನೇ ವೇಷಧಾರಿ (ಕೀಚಕ, ಕೌರವನಂಥ ಪಾತ್ರಗಳವರು) ಈಗ ಒಬ್ಬರೇ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಈ ಡೈರಿಯನ್ನು ಮನೆಯಲ್ಲಿ ಎಲ್ಲರೂ ಓದುತ್ತಾರೆ, ನಾಳೆ ‘ಅಪ್ಪನೇ ಬರೆದಿದ್ದ’ ಎಂದು ಊರೆಲ್ಲ ಸಾಕ್ಷಿ ಹೇಳಿಯಾರು.

ಚಾ ಮುಗಿಯುವುದರೊಳಗೆ ಕಾರಣಗಳು ಹುಟ್ಟಿದವು. ಸಂಬಳ ಸಾಲದು. ಭಾಗವತರಿಗೂ ಅವರಿಗೂ ಸರಿ ಬರುತ್ತಿಲ್ಲ. ಇನ್ನೊಂದು ಮೇಳದವರು ಕಾರು ಕಳಿಸಿದ್ದರು. ಕಾರಿನ ಬಣ್ಣದ ಬಗ್ಗೆ ಮಾತ್ರ ಒಮ್ಮತವಿರಲಿಲ್ಲ.

ನನಗೆ ಇದು ಬರೀ ಹರಟೆಯಲ್ಲ. ಮಾರ್ಚ್ 23ಕ್ಕೆ ಮಂಕಿಯ ಗದ್ದೆಬಯಲಲ್ಲಿ ನಮ್ಮ ಸಮಿತಿಯ ಆಟ. ಅವರ ಕೀಚಕ ಇದೆ ಎಂದೇ ಜನ ದೇಣಿಗೆ ಕೊಟ್ಟಿದ್ದಾರೆ, ಮೇಳದ ಯಜಮಾನರಿಗೆ ಮುಂಗಡವೂ ಹೋಗಿದೆ. ಸಂಜೆ ಅಧ್ಯಕ್ಷರಾದ ನಾಯ್ಕರಿಗೆ ಫೋನ್ ಮಾಡಿದರೆ, ‘ನಿಮ್ಗೆ ಈಗ ಗೊತ್ತಾಯ್ತ ಮಾರಾಯ್ರೆ?’ ಎಂದರು.

ಜನವರಿ 24, ಬುಧವಾರ. ಭಟ್ಕಳ

ಎರಡು ವಿಮಾ ಪಾಲಿಸಿಯ ಕೆಲಸ ಮುಗಿಸಿ ಪ್ರೆಸ್ಸಿಗೆ ಹೋದೆ. ಹ್ಯಾಂಡ್‌ಬಿಲ್ಲಿನ ಡಿಟಿಪಿ ಸಿದ್ಧವಿತ್ತು. ಅವರ ಹೆಸರು ದಪ್ಪಕ್ಷರದಲ್ಲಿ, ಸುತ್ತ ಹೂಬಳ್ಳಿ. ಭಾಗವತರ ಹೆಸರು ಅದರರ್ಧ. ಮದ್ದಳೆ, ಚಂಡೆಯವರದು ಕನ್ನಡಕ ಹಾಕಿದರೆ ಕಂಡೀತು. ಪ್ರಸಂಗದ ಹೆಸರು ಎಲ್ಲಿದೆ ಎಂದು ಹುಡುಕಬೇಕಾಯಿತು.

ಪ್ರೆಸ್ಸಿನ ಸಾಹೇಬರಿಗೂ ಸುದ್ದಿ ತಲುಪಿತ್ತು. ಸುಲೈಮಾನಿ ಚಾ ತರಿಸಿಕೊಟ್ಟು, ‘ನಮ್ಮ ಕಡೆಯೂ ಅದೇ ಗಲಾಟೆ’ ಎಂದರು. ಅವರ ತಮ್ಮ ಜಿದ್ದಾದಲ್ಲಿದ್ದಾನೆ. ಅಲ್ಲಿನ ಅಲ್ ಇತ್ತಿಹಾದ್ ಫುಟ್ಬಾಲ್ ತಂಡದ ಕರೀಮ್ ಬೆಂಜೆಮಾ ಸೀಸನ್ ನಡುವೆಯೇ ಹೊರಡುತ್ತಾನಂತೆ ಎಂದು ತಮ್ಮನ ರೂಮಿನಲ್ಲಿ ಊಟ ನಿದ್ದೆ ಇಲ್ಲದ ಚರ್ಚೆ. ಬಂದು ವರ್ಷವೂ ಆಗಿಲ್ಲ. ಜೋರ್ಡನ್ ಹೆಂಡರ್ಸನ್ ಅಂತೂ ಅಲ್ ಇತ್ತಿಫಾಕ್ ಬಿಟ್ಟು ಹೋದ ವಾರ ಆಯಾಕ್ಸ್‌ಗೆ ಹೋಗಿಯೇಬಿಟ್ಟ. ಭಟ್ಕಳದ ಹುಡುಗರು ದುಡಿಯಲು ಹೋದ ಊರಿಗೇ ಫುಟ್ಬಾಲಿನ ದೊಡ್ಡ ಹೆಸರುಗಳೂ ದುಡಿಯಲು ಬಂದಿರುವುದು ಸಾಹೇಬರಿಗೆ ಒಂದು ತಮಾಷೆ. ‘ವೀಸಾ ಎಲ್ಲರದ್ದೂ ಒಂದೇ. ಕಫೀಲ್ (ಪ್ರಾಯೋಜಕ) ಮಾತ್ರ ಬೇರೆ ಬೇರೆ’ ಎಂದು ನಕ್ಕರು.

ಹ್ಯಾಂಡ್‌ಬಿಲ್ ಅಚ್ಚಿಗೆ ಹಾಕಬೇಡಿ, ಒಂದು ತಿಂಗಳು ನೋಡೋಣ ಎಂದು ಹೇಳಿ ಬಂದೆ.

ಜನವರಿ 26, ಶುಕ್ರವಾರ. ಕುಮಟಾ

ಧ್ವಜಾರೋಹಣ ಮುಗಿಸಿ ಮೇಷ್ಟ್ರ ಮನೆಗೆ ಹೋದರೆ ಜಗಲಿಯಲ್ಲಿ ಸಭೆಯೇ ಸೇರಿತ್ತು. ಜಗದೀಶ ಶೆಟ್ಟರ್ ನಿನ್ನೆ ಕಾಂಗ್ರೆಸ್ಸಿನಿಂದ ಬಿಜೆಪಿಗೆ ಮರಳಿದ್ದಾರೆ, ಹಾಗಾಗಿ ಮಾತು ಅಲ್ಲಿಂದ ಶುರುವಾಗಿ ಐದು ನಿಮಿಷದಲ್ಲಿ ಮೇಳದ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬಂತು.

ಮೇಷ್ಟ್ರದು ಒಂದೇ ಹಟ: ತಿರುಗಾಟದ ನಡುವೆ ಬಿಡುವುದು ದ್ರೋಹ. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದವ ಮೇ ಕೊನೆಯ ಪತ್ತನಾಜೆಗೇ ಬಿಚ್ಚಬೇಕು. ಮಳೆಗಾಲದಲ್ಲಿ ಮುಂಗಡ ತೆಗೆದುಕೊಂಡದ್ದು ಯಾಕೆ?

ಅವರ ಭಾವ, ಬೆಂಗಳೂರಿಂದ ರಜಕ್ಕೆ ಬಂದವರು, ಬಿಡಲಿಲ್ಲ. ‘ಭಾವ, ಚಿಟ್ಟಾಣಿ ಒಂದೇ ಮೇಳದಲ್ಲಿ ಇದ್ದಿದ್ರ?’ ಎಂದರು. ಅಮೃತೇಶ್ವರಿ, ಸಾಲಿಗ್ರಾಮ, ಪೆರ್ಡೂರು, ಬಂಗಾರಮಕ್ಕಿ ಎಂದು ಬೆರಳು ಮಡಚಿದರು. ಹೊಸಾಕುಳಿಯ ಆ ವೇಷಧಾರಿ ಎಲ್ಲಿಗೆ ಹೋದರೂ ಅಭಿಮಾನಿಗಳು ಹಿಂದೆ ಹೋದರು, 2012ರಲ್ಲಿ ಪದ್ಮಶ್ರೀಯೂ ಹುಡುಕಿಕೊಂಡು ಬಂತು. ಯಾವ ಮೇಳದವರೂ ಅವರನ್ನು ದ್ರೋಹಿ ಅನ್ನಲಿಲ್ಲವಲ್ಲ?

‘ಅವರು ಬಿಟ್ಟದ್ದು ಮಳೆಗಾಲದಲ್ಲಿ!’ ಎಂದು ಮೇಷ್ಟ್ರು. ಪ್ರತಿ ಸಲವೂ ಮಳೆಗಾಲದಲ್ಲೇ ಎಂದು ಇವರಿಗೆ ಯಾರು ಹೇಳಿದರೋ.

ಮೂಲೆಯಲ್ಲಿ ಕೂತಿದ್ದ ತರುಣನೊಬ್ಬ ಪಟ್ಲರ ಪ್ರಕರಣ ಎತ್ತಿದ. 2019ರ ನವೆಂಬರಿನಲ್ಲಿ ಕಟೀಲು ಮೇಳದ ತಿರುಗಾಟ ಶುರುವಾಗುವ ಹೊತ್ತಿಗೇ ಭಾಗವತ ಸತೀಶ ಶೆಟ್ಟಿ ಪಟ್ಲ ರಂಗಸ್ಥಳದಿಂದ ಇಳಿಯಬೇಕಾಯಿತು. ಮುಂದಿನ ವರ್ಷ ಅವರು ಪಾವಂಜೆ ಮೇಳದಲ್ಲಿ ಹಾಡುತ್ತಿದ್ದರು. ‘ಕಲಾವಿದ ಬಿಟ್ರೆ ದ್ರೋಹ, ಮೇಳ ಬಿಡ್ಸಿದ್ರೆ ಶಿಸ್ತು. ಅಲ್ದಾ?’ ಎಂದು ಅವನ ಪ್ರಶ್ನೆ. ತೆಂಕುತಿಟ್ಟಿನ ಜಗಳವನ್ನು ಬಡಗುತಿಟ್ಟಿನ ಜಗಲಿಯಲ್ಲಿ ಬಗೆಹರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಅವಲಕ್ಕಿ ಬಂತು.

ಫೆಬ್ರವರಿ 4, ಭಾನುವಾರ

ಕ್ಯಾಲಿಫೋರ್ನಿಯಾದಿಂದ ಅಣ್ಣನ ಮಗನ ಫೋನು. ಅವನಿಗೂ ಸುದ್ದಿ ಗೊತ್ತು! ಇಲ್ಲಿ ಮಂಕಿಯಲ್ಲಿ ಕೆಮ್ಮಿದರೆ ಅಲ್ಲಿ ವಾಟ್ಸಾಪಿನಲ್ಲಿ ಕಷಾಯ ಕುದಿಯುತ್ತದೆ.

ಅವನು ಅಲ್ಲಿಯ ಬೇಸ್‌ಬಾಲಿನ ಕತೆ ಹೇಳಿದ. ಸೀಸನ್ ಅರ್ಧ ದಾಟಿದಾಗ, ಜುಲೈ ಕೊನೆ ಇಲ್ಲವೇ ಆಗಸ್ಟ್ ಮೊದಲಲ್ಲಿ, ಆಟಗಾರರನ್ನು ಅದಲು ಬದಲು ಮಾಡಿಕೊಳ್ಳಲು ಒಂದು ಗಡುವು ಇರುತ್ತದಂತೆ. ಹೋದ ವರ್ಷ ಏಂಜಲ್ಸ್ ತಂಡದ ಶೋಹೇ ಒಟಾನಿಯನ್ನು ಕೊಡುತ್ತಾರೆ, ಕೊಡುವುದಿಲ್ಲ ಎಂದು ಊರಿಗೆ ಊರೇ ಎರಡಾಗಿತ್ತು. ಚೆಂಡು ಎಸೆಯುವುದೂ ಅವನೇ, ಬ್ಯಾಟ್ ಬೀಸುವುದೂ ಅವನೇ. ಕೊನೆಗೆ ತಂಡ ಕೊಡಲಿಲ್ಲ. ಆಗಸ್ಟಿನಲ್ಲಿ ಅವನ ಮೊಣಕೈ ಕೈಕೊಟ್ಟಿತು, ತಂಡ ಸೋತಿತು, ಡಿಸೆಂಬರಿನಲ್ಲಿ ಅವನು ಪಕ್ಕದ ಡಾಡ್ಜರ್ಸ್‌ಗೆ ಹತ್ತು ವರ್ಷಕ್ಕೆ 70 ಕೋಟಿ ಡಾಲರಿಗೆ ಸಹಿ ಹಾಕಿದ. ಜುಲೈಯಲ್ಲೇ ಕೊಟ್ಟಿದ್ದರೆ ಬದಲಿಗೆ ನಾಲ್ಕು ಎಳೆಯ ಆಟಗಾರರಾದರೂ ಸಿಗುತ್ತಿದ್ದರು ಎಂದು ಅಭಿಮಾನಿಗಳು ಇವತ್ತಿಗೂ ಹಲ್ಲು ಕಡಿಯುತ್ತಾರಂತೆ.

ನನಗೆ ಹಿಡಿಸಿದ್ದು ಬೇರೆ ವಿಷಯ. ಅಲ್ಲಿ ಮಾಲೀಕರು ಆಟಗಾರನನ್ನು ಕಳಿಸುತ್ತಾರೆ, ಎಷ್ಟೋ ಸಲ ಅವನನ್ನು ಕೇಳದೆಯೇ. ನಮ್ಮಲ್ಲಿ ಯಾವ ಯಜಮಾನರೂ ಒಬ್ಬ ಕೌರವನನ್ನು ಕೊಟ್ಟು ಇಬ್ಬರು ಸ್ತ್ರೀವೇಷದವರನ್ನು ತಂದದ್ದಿಲ್ಲ. ಹೋಗುವವನು ತಾನೇ ಹೋಗುತ್ತಾನೆ. ಹಾಗಾಗಿ ಬೈಗುಳವೂ ಅವನೊಬ್ಬನಿಗೇ.

ಫೆಬ್ರವರಿ 16, ಶುಕ್ರವಾರ. ರಥಸಪ್ತಮಿ

ಇಡಗುಂಜಿ ತೇರಿಗೆ ಹೋಗಿ ಬಂದೆವು. ಕೆರೆಮನೆ ಶಂಭು ಹೆಗಡೆಯವರು ಹೋಗಿ ಹದಿನೈದು ವರ್ಷ. 2009ರಲ್ಲಿ ಇದೇ ಉತ್ಸವದ ಆಟದಲ್ಲಿ ರಾಮನ ವೇಷ ಮಾಡಿದವರು ಅದೇ ರಾತ್ರಿ ತೀರಿಕೊಂಡರು. 1934ರಲ್ಲಿ ಅವರ ತಂದೆ ಶಿವರಾಮ ಹೆಗಡೆಯವರು ಕಟ್ಟಿದ ಮೇಳ, ಈಗ ಮೊಮ್ಮಗ ಶಿವಾನಂದರ ಕೈಯಲ್ಲಿದೆ. ಮನೆಯೇ ಮೇಳವಾದರೆ ಬಿಡುವ ಮಾತು ಬರುವುದಿಲ್ಲ ಎಂದು ನಾಯ್ಕರು. ಮನೆ ಬಿಟ್ಟವರನ್ನು ನಾಯ್ಕರು ನೋಡಿಲ್ಲವೆಂದು ಕಾಣುತ್ತದೆ.

ಮಾರ್ಚ್ 2, ಶನಿವಾರ. ಕುಮಟಾ ಹತ್ತಿರ

ಅವರ ಮೇಳದ ಕ್ಯಾಂಪು ಇವತ್ತು ಕುಮಟಾ ಪಕ್ಕದಲ್ಲೇ. ಪಾಲಿಸಿ ಕಂತಿನ ನೆಪ ಇತ್ತು, ಚೌಕಿಗೆ ಹೋದೆ.

ಚಾಪೆಯ ಮೇಲೆ ಪೆಟ್ಟಿಗೆ ತೆರೆದು, ಅದರ ಮುಚ್ಚಳದ ಕನ್ನಡಿಗೆ ಮುಖ ಕೊಟ್ಟು ಕೂತಿದ್ದರು. ತೆಂಗಿನೆಣ್ಣೆ ಸವರಿ, ಬಣ್ಣ ಕಲಸಿ ಹಣೆಯಿಂದ ಇಳಿಸುತ್ತಿದ್ದರು. ಎಡಗಾಲು ಚಾಚಿಯೇ ಇತ್ತು, ಮಡಚಲಾಗುತ್ತಿಲ್ಲ. ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜು ಸುತ್ತಿ ಅದರ ಮೇಲೆ ಗೆಜ್ಜೆಯ ಬಟ್ಟೆ ಕಟ್ಟುತ್ತಾರೆ. ಪ್ರೇಕ್ಷಕರಿಗೆ ಅದು ಕಾಣುವುದಿಲ್ಲ. ಮಂಡಿಯೂರಿ ಸುತ್ತುವಾಗ ಶಿಳ್ಳೆ ಹೊಡೆಯುತ್ತಾರೆ.

ಕೇಳಲೋ ಬೇಡವೋ ಎಂದು ನಾನು ಚೀಲದ ಜಿಪ್ಪು ಎಳೆಯುತ್ತ ಕೂತಿದ್ದೆ. ಅವರೇ ಶುರು ಮಾಡಿದರು. ‘ಮೇಳ ಬಿಡೋದಾದ್ರೆ ವಿಳಾಸ ಬದಲಾಯಿಸೋಕೆ ನಿಮ್ಗೇ ಮೊದಲು ಹೇಳ್ಬೇಕಲ್ವ ಏಜೆಂಟ್ರೇ!’ ಇಡೀ ಚೌಕಿ ನಕ್ಕಿತು. ನಗದಿದ್ದವನು ಒಬ್ಬ: ಪಕ್ಕದ ಪೆಟ್ಟಿಗೆಯ ಹುಡುಗ. ಇವರು ಬಿಟ್ಟರೆ ಕೀಚಕ, ಕೌರವ ಇವನ ಪಾಲಿಗೆ ಬರಬೇಕು. ಆರು ವಾರದಿಂದ ಅವನಿಗೆ ಗೊತ್ತಿಲ್ಲದವರೆಲ್ಲ ಫೋನ್ ಮಾಡಿ ‘ನಿನ್ನಿಂದ ಆಗ್ತದಾ?’ ಎಂದು ಕೇಳುತ್ತಿದ್ದಾರಂತೆ. ಹಿರಿಯರು ಅವನ ಮುಂಡಾಸಿನ ಬಟ್ಟೆಯ ತುದಿ ಹಿಡಿದು ಬಿಗಿಯಾಗಿ ಎಳೆದು ಕೊಟ್ಟರು. ಒಂದು ಮಾತೂ ಆಡಲಿಲ್ಲ.

ರಾತ್ರಿ ಲೆಕ್ಕ ಬರೆಯುವಾಗ ಅನ್ನಿಸಿದ್ದು: ಮೇಳದ ಕಲಾವಿದರ ಪಾಲಿಸಿಗಳು ನಿಲ್ಲುವುದು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ. ಪತ್ತನಾಜೆಯ ನಂತರ ಬಹಳ ಜನಕ್ಕೆ ಸಂಬಳವಿಲ್ಲ. ಹೆಸರಿದ್ದವರಿಗೆ ಬೆಂಗಳೂರು, ಮುಂಬಯಿಯ ಆಟಗಳು, ತಾಳಮದ್ದಳೆ. ಉಳಿದವರಿಗೆ ತೋಟದ ಕೂಲಿ, ಗಣಪತಿ ಮಾಡುವುದು, ಅಡುಗೆ ಕೆಲಸ. ಮುಂದಿನ ತಿರುಗಾಟದ ಮುಂಗಡವೇ ಮಳೆಗಾಲದ ಅಕ್ಕಿ. ಹಾಗೆ ಕಟ್ಟಿಹಾಕಿದ ಮೇಲೆ ಅದನ್ನು ನಿಷ್ಠೆ ಎಂದು ಕರೆಯಲು ನನಗಂತೂ ಬಾಯಿ ಬರುವುದಿಲ್ಲ. ಆದರೂ ಮೇಷ್ಟ್ರ ಅರ್ಧ ಮಾತು ಸರಿ. ನಡುವೆ ಬಿಟ್ಟರೆ ಪೆಟ್ಟು ಬೀಳುವುದು ಯಜಮಾನರಿಗಲ್ಲ, ಆ ಹುಡುಗನಿಗೆ.

ಮಾರ್ಚ್ 18, ಸೋಮವಾರ

ಶನಿವಾರ ಚುನಾವಣೆ ಘೋಷಣೆಯಾಯಿತು, ನೀತಿಸಂಹಿತೆ ಬಂತು. ಧ್ವನಿವರ್ಧಕದ ಪರವಾನಗಿಗೆ ಮತ್ತೆ ಅರ್ಜಿ, ಮತ್ತೆ ಓಡಾಟ. ವೇದಿಕೆಯಲ್ಲಿ ರಾಜಕೀಯದವರಿಗೆ ಸನ್ಮಾನವಿಲ್ಲ ಎಂದು ಬರೆದುಕೊಟ್ಟೆವು. ಈ ಒಂದು ಉಪಕಾರಕ್ಕಾಗಿ ಚುನಾವಣೆ ಪ್ರತಿವರ್ಷ ಬರಲಿ. ಹ್ಯಾಂಡ್‌ಬಿಲ್ ಹಂಚಿಯಾಗಿದೆ, ಹೆಸರು ದಪ್ಪಕ್ಷರದಲ್ಲೇ ಇದೆ. ನಿನ್ನೆ ಆರ್‌ಸಿಬಿ ಹುಡುಗಿಯರು ಕಪ್ ಗೆದ್ದರು, ಊರಲ್ಲಿ ಪಟಾಕಿ.

ಮಾರ್ಚ್ 24, ಭಾನುವಾರ. ಮಂಕಿ

ಆಟ ಆಯಿತು. ಅವರು ಬಂದರು, ಕೀಚಕ ಮಾಡಿದರು. ಸೈರಂಧ್ರಿಯನ್ನು ಮೊದಲು ಕಾಣುವಲ್ಲಿ ಭಾಗವತರು ಒಂದೇ ಪದ್ಯವನ್ನು ಎಳೆದೆಳೆದು ಕೊಟ್ಟರು, ಇವರು ಬರೀ ಕಣ್ಣು ಮತ್ತು ಎಡಗೈಯ ಬೆರಳಲ್ಲಿ ಅದನ್ನು ತುಂಬಿದರು. ಕಾಲಿನ ಕೆಲಸ ಕಡಿಮೆಯಾಗಿದೆ ಎಂದು ಗೊತ್ತಿದ್ದವರಿಗೆ ಗೊತ್ತಾಯಿತು. ಭಾಗವತರಿಗೂ ಇವರಿಗೂ ಸರಿಯಿಲ್ಲ ಎಂದವರು ಮುಂದಿನ ಸಾಲಿನಲ್ಲೇ ಕೂತಿದ್ದರು.

ಬೇಜಾರಿನ ವಿಷಯ ಆಮೇಲಿನದು. ಭೀಮ ಕೀಚಕನನ್ನು ಮುಗಿಸಿದಾಗ ರಾತ್ರಿ ಒಂದೂವರೆ ದಾಟಿತ್ತು. ತಕ್ಷಣ ಕುರ್ಚಿಗಳು ಸದ್ದು ಮಾಡಿದವು, ಹೆದ್ದಾರಿಯಲ್ಲಿ ಬೈಕುಗಳು ಸ್ಟಾರ್ಟ್ ಆದವು. ಅರ್ಧ ಬಯಲು ಖಾಲಿ. ಮುಂದಿನದು ಚಂದ್ರಹಾಸ ಚರಿತ್ರೆ, ಆ ಹುಡುಗನ ದುಷ್ಟಬುದ್ಧಿ. ಅವನು ಮೊದಲ ಪ್ರವೇಶದಲ್ಲಿ ತೆರೆ ಸರಿಸಿ ನೋಡಿದ್ದು ಎದ್ದು ಹೋಗುತ್ತಿದ್ದವರ ಬೆನ್ನುಗಳನ್ನು. ಅವನು ಬೆಳಗಿನ ಜಾವದವರೆಗೂ ಒಂದು ಹೆಜ್ಜೆ ಉಳಿಸಿಕೊಳ್ಳದೆ ಕುಣಿದ. ಮಗನಿಗೆ ಬರೆದ ಪತ್ರ ತಿರುಗುಮುರುಗಾದದ್ದು ಗೊತ್ತಾಗುವಲ್ಲಿ ಅವನ ನಗು ನಿಂತ ಬಗೆ ನಾನು ಇತ್ತೀಚೆಗೆ ನೋಡಿದ್ದರಲ್ಲೆಲ್ಲ ಒಳ್ಳೆಯದು.

ಎದ್ದು ಹೋದವರಲ್ಲಿ ಎರಡೂ ಪಕ್ಷದವರಿದ್ದರು: ದ್ರೋಹಿ ಎಂದವರು, ಹೋಗಲಿ ಬಿಡಿ ಎಂದವರು. ಮೇಷ್ಟ್ರು ಎಲ್ಲರಿಗಿಂತ ಮೊದಲು.

ಏಪ್ರಿಲ್ 2, ಮಂಗಳವಾರ

ನಿನ್ನೆ ವಾಂಖೆಡೆಯ ಐಪಿಎಲ್ ಪಂದ್ಯದಲ್ಲಿ ಹಾರ್ದಿಕ್ ಪಾಂಡ್ಯನಿಗೆ ಮುಂಬಯಿಯವರೇ ಕೂಗಿ ಅವಮಾನ ಮಾಡಿದ್ದನ್ನು ಮಗ ತೋರಿಸಿದ. ಗುಜರಾತಿನಿಂದ ತಂದು ರೋಹಿತನ ಬದಲು ನಾಯಕನನ್ನಾಗಿ ಮಾಡಿದ್ದು ಮಾಲೀಕರು, ಬೈಗುಳ ತಿಂದದ್ದು ಇವನು. ಅದೇ ಮುಂಬಯಿಯಿಂದ ಕ್ಯಾಮರೂನ್ ಗ್ರೀನ್ ಆರ್‌ಸಿಬಿಗೆ ಬಂದಾಗ ನಮ್ಮ ಮಗನ ಸಡಗರ ನೋಡಬೇಕಿತ್ತು. ಬಂದವ ಹೀರೋ, ಹೋದವ ಮಾತ್ರ ದ್ರೋಹಿ.

ಏಪ್ರಿಲ್ 25, ಗುರುವಾರ

ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು ಹೋದರು. ಗೋಕರ್ಣದ ಕಡೆಯವರು, ನಾರಣಪ್ಪ ಉಪ್ಪೂರರ ಶಿಷ್ಯರು. ಪೆರ್ಡೂರು ಮೇಳ ಎಂದರೆ ಧಾರೇಶ್ವರರ ಸ್ವರ ಎನ್ನುವಷ್ಟು ಕಾಲ ಅಲ್ಲಿ ಹಾಡಿದರು. ದಿನವಿಡೀ ವಾಟ್ಸಾಪಿನಲ್ಲಿ ಅವರ ಪದ್ಯಗಳೇ. ಇವತ್ತು ಯಾರೂ ಯಾರ ಮೇಳದ ಸುದ್ದಿಯನ್ನೂ ಎತ್ತಲಿಲ್ಲ.

ಜೂನ್ 9, ಭಾನುವಾರ. ಹೊನ್ನಾವರ

ಮಳೆ ಹಿಡಿದಿದೆ. ಸಮಿತಿಯ ಲೆಕ್ಕಪತ್ರದ ಸಭೆ ಆಯಿತು.

ಸುದ್ದಿ ಅರ್ಧ ನಿಜವಾಗಿದೆ. ಅವರು ಪತ್ತನಾಜೆಯವರೆಗೂ ಇದ್ದು, ಯಜಮಾನರ ಬಾಕಿ ತೀರಿಸಿ ಮೇಳ ಬಿಟ್ಟಿದ್ದಾರೆ. ಬೇರೆ ಮೇಳಕ್ಕಲ್ಲ, ಮೊಣಕಾಲಿನ ಆಪರೇಷನ್ನಿಗೆ. ಕೆಂಪು ಕಾರೋ ಬಿಳಿ ಕಾರೋ ಎಂದು ಜಗಳವಾಡಿದವರಿಗೆ ಈ ಕಾರಣ ರುಚಿಸಲಿಲ್ಲ. ‘ಆಪರೇಷನ್ ಬರೀ ನೆಪ ಅಡ’ ಎಂದು ಇವತ್ತೇ ಒಬ್ಬರು ಹೇಳಿದರು. ಹುಡುಗನಿಗೆ ಎರಡನೇ ವೇಷ ಸಿಕ್ಕಿದೆ.

ಮುಂದಿನ ವರ್ಷಕ್ಕೂ ಅದೇ ಮೇಳ ಎಂದು ತೀರ್ಮಾನ. ನಾನು ಒಂದು ಷರತ್ತು ಹಾಕಿದೆ: ಹ್ಯಾಂಡ್‌ಬಿಲ್ಲಿನಲ್ಲಿ ಪ್ರಸಂಗದ ಹೆಸರು ದೊಡ್ಡದು, ಭಾಗವತರಿಂದ ಹಿಡಿದು ಬಾಲಗೋಪಾಲದ ಮಕ್ಕಳವರೆಗೆ ಎಲ್ಲರದ್ದೂ ಒಂದೇ ಅಳತೆಯ ಅಕ್ಷರ. ದೇಣಿಗೆ ಕಡಿಮೆಯಾಗುತ್ತದೆ ಎಂದರು ನಾಯ್ಕರು. ಆಗಲಿ ಎಂದೆ. ನಾಲ್ಕು ಜನ ಒಪ್ಪಿದರು, ಮೂವರು ಒಪ್ಪಲಿಲ್ಲ. ಪಾಸಾಯಿತು.