ಏಳನೇ ಕಪ್

ನಾವು ಮೂವರು. ಒಬ್ಬ ಕೊಳ್ಳೇಗಾಲ, ಒಬ್ಬ ಹನೂರು, ಒಬ್ಬ ಯಳಂದೂರು. ಹಾಸ್ಟೆಲ್‌ನಲ್ಲಿ ನಮಗೆ ‘ಬೆಟ್ಟದ ಬ್ಯಾಚ್’ ಅಂತ ಹೆಸರು. ಯಾವೂರು ಅಂತ ಕೇಳಿದವರಿಗೆ ಊರ ಹೆಸರು ಹೇಳಿದರೆ ಗೊತ್ತಾಗಲ್ಲ, ಮಾದಪ್ಪನ ಬೆಟ್ಟದ ಕಡೆ, ಬಿಳಿಗಿರಿರಂಗನ ಬೆಟ್ಟದ ಕಡೆ ಅಂತಲೇ ಹೇಳಬೇಕು. ಈ ಲೇಖನವನ್ನು ಮೂವರೂ ಸೇರಿ ಬರೆದಿದ್ದೇವೆ. ಮುಂದೆ ಒಂದು ತಪ್ಪಿನ ವಿಷಯ ಬರುತ್ತೆ, ಅದು ಮೂವರಲ್ಲಿ ಯಾರದು ಅಂತ ಹುಡುಕೋಕೆ ಹೋಗ್ಬೇಡಿ.

ಕೊಳ್ಳೇಗಾಲದವನ ಸೋದರಮಾವ ಬೆಂಗಳೂರಿನ ವಿಮಾನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿ ದುಡ್ಡಿನಲ್ಲಿ ಎಲ್ಲರೂ ಸೈಟು ತಗೊಂಡರೆ ಇವರು ಒಂದು ಜೆಟ್ ಮಾಡೆಲ್ ಕಿಟ್ ತರಿಸಿಕೊಂಡರು, ಜೊತೆಗೆ ನಿಜವಾದ ಪುಟ್ಟ ಟರ್ಬೈನ್ ಎಂಜಿನ್. ಅತ್ತೆ ಆ ವಿಷಯದಲ್ಲಿ ಇವತ್ತಿಗೂ ಮಾತಾಡಲ್ಲ. ಕಿಟ್ ಬಂದ ಮೇಲೆ ಮಾವನ ಬಲಗೈಗೆ ನಡುಕ ಶುರುವಾಯಿತು. ಮರದ ಪೆಟ್ಟಿಗೆ ಹಾಗೇ ಅಟ್ಟ ಸೇರಿ ಆರು ವರ್ಷ ಕೂತಿತ್ತು. ನಾಲ್ಕನೇ ಸೆಮ್ ಮುಗಿದ ರಜೆಯಲ್ಲಿ ಮಾವ ನಮ್ಮನ್ನು ಕರೆದು, “ನೀವು ಎಂಜಿನಿಯರ್‌ಗಳಲ್ವಾ, ನಿಮ್ಮ ಕೈ ನನ್ನ ಕಣ್ಣು, ಮುಗಿಸೋಣ” ಅಂದರು. ಅಷ್ಟೊತ್ತಿಗೆ ನಾವು ಎಂಜಿನಿಯರಿಂಗ್‌ನಲ್ಲಿ ಕೈಯಿಂದ ಮಾಡಿದ್ದು ವರ್ಕ್‌ಶಾಪ್ ಲ್ಯಾಬಿನ ಒಂದು ಟಿ-ಜಾಯಿಂಟ್ ಮಾತ್ರ.

ಪೆಟ್ಟಿಗೆ ತೆಗೆದದ್ದು ಹಳೇ ಮಗ್ಗದ ಕೋಣೆಯಲ್ಲಿ. ಕೊಳ್ಳೇಗಾಲ ಅಂದರೆ ರೇಷ್ಮೆ, ಅವರ ಮನೆಯಲ್ಲೂ ಒಂದು ಕಾಲಕ್ಕೆ ಮಗ್ಗ ಇತ್ತು. ಹಿಂದೆ ಮಾಡೆಲ್ ವಿಮಾನಗಳ ಮರದ ರೆಕ್ಕೆಗೆ ತೆಳು ರೇಷ್ಮೆ ಬಟ್ಟೆ ಹೊದಿಸಿ, ಮೇಲೆ ಡೋಪ್ ಅನ್ನೋ ಒಂಥರಾ ವಾರ್ನಿಷ್ ಬಳಿದು ಬಿಗಿ ಮಾಡುತ್ತಿದ್ದರಂತೆ. ನಮ್ಮದರಲ್ಲಿ ರೇಷ್ಮೆ ಇಲ್ಲ, ಎಲ್ಲಾ ಗಾಜುನಾರು ಮತ್ತು ಕಾರ್ಬನ್ ನಾರು. ಮೊಟ್ಟೆಚಿಪ್ಪಿನಷ್ಟು ತೆಳು ಒಡಲು, ಒಳಗೆ ಕೂರಿಸಬೇಕಾದ ಪ್ಲೈವುಡ್ ಅಡ್ಡಗೋಡೆಗಳು, ರೆಕ್ಕೆ, ಬಾಲ, ಚಕ್ರದ ಕಾಲುಗಳು, ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಸ್ಕ್ರೂ. ಉದ್ದ 2.3 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 2.2 ಮೀಟರ್. ಮುಗಿದಾಗ ಖಾಲಿ ತೂಕ 14 ಕಿಲೋ. ಇದನ್ನು ಆಟಿಕೆ ಅನ್ನೋಕೆ ಧೈರ್ಯ ಬರಲ್ಲ.

ಎಂಜಿನ್ ಮಾತ್ರ ಅಂಗೈ ಮೇಲೆ ನಿಲ್ಲುತ್ತೆ. ಒಂದೂವರೆ ಕಿಲೋ ತೂಕ, ಹಾಲಿನ ಕ್ಯಾನಿನ ಆಕಾರ. ಟರ್ಬೈನ್ ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಶಿವನಸಮುದ್ರ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು ಅನ್ನೋದನ್ನು ಹೈಸ್ಕೂಲಿನಿಂದ ಕೇಳಿಕೊಂಡೇ ಬೆಳೆದಿದ್ದೇವೆ. ಅಲ್ಲಿ ಬೀಳುವ ನೀರು ಚಕ್ರ ತಿರುಗಿಸುತ್ತೆ, ಇಲ್ಲಿ ಬಿಸಿ ಗಾಳಿ. ಮುಂದಿನ ಕಂಪ್ರೆಸರ್ ಚಕ್ರ ಗಾಳಿಯನ್ನು ಒತ್ತಿ ಒಳಗೆ ತಳ್ಳುತ್ತೆ, ನಡುವೆ ಸೀಮೆಎಣ್ಣೆ ಉರಿಯುತ್ತೆ, ಉರಿದ ಗಾಳಿ ಹಿಂದಿನ ಟರ್ಬೈನ್ ಚಕ್ರವನ್ನು ತಿರುಗಿಸಿ ಹೊರಗೆ ನುಗ್ಗುತ್ತೆ. ಎರಡು ಚಕ್ರವೂ ಒಂದೇ ಶಾಫ್ಟ್ ಮೇಲೆ. ಹಿಂದಿನದು ಮುಂದಿನದನ್ನು ಓಡಿಸಿದ ಮೇಲೆ ಉಳಿದ ರಭಸವೇ ನೂಕುಬಲ. ನಮ್ಮದು 140 ನ್ಯೂಟನ್, ಅಂದರೆ ವಿಮಾನದ ಖಾಲಿ ತೂಕವನ್ನು ನೇರ ಮೇಲಕ್ಕೆ ಎತ್ತಿ ಹಿಡಿಯೋವಷ್ಟು. ಪೂರ್ತಿ ವೇಗದಲ್ಲಿ ನಿಮಿಷಕ್ಕೆ 1,25,000 ಸುತ್ತು. ಕಂಪ್ರೆಸರ್ ಚಕ್ರದ ವ್ಯಾಸ 66 ಮಿಲಿಮೀಟರ್ ಅಂತ ಹಾಕಿ ಲೆಕ್ಕ ಮಾಡಿದೆವು: ಅದರ ಅಂಚು ಸೆಕೆಂಡಿಗೆ 430 ಮೀಟರ್ ವೇಗದಲ್ಲಿ ಹೋಗುತ್ತೆ. ಶಬ್ದಕ್ಕಿಂತ ಜೋರು! ಕ್ಯಾಲ್ಕುಲೇಟರ್ ತಪ್ಪಿರಬೇಕು ಅಂತ ಮೂವರೂ ಬೇರೆ ಬೇರೆ ಮಾಡಿ ನೋಡಿದ್ವಿ.

ಮಾವ ಆಗಾಗ ಇಬ್ಬರು ಕುರ್ಟ್‌ಗಳ ಕಥೆ ಹೇಳೋರು. ಒಬ್ಬ ಕುರ್ಟ್ ಟ್ಯಾಂಕ್, ಬೆಂಗಳೂರಿಗೆ ಬಂದು ಎಚ್‌ಎಎಲ್‌ನಲ್ಲಿ ಮರುತ್ ಜೆಟ್ ವಿನ್ಯಾಸ ಮಾಡಿದ ಜರ್ಮನ್. ಮರುತ್ 1961ರ ಜೂನ್ 17ರಂದು ಹಾರಿತು. ಅದಕ್ಕೂ ಮೊದಲು, 1959ರಲ್ಲಿ, ಅದೇ ಅಳತೆಯ ಎಂಜಿನ್ ಇಲ್ಲದ ಗ್ಲೈಡರ್ ಒಂದನ್ನು ಕಟ್ಟಿ ಹಾರಿಸಿ ನೋಡಿದ್ದರು. ಇನ್ನೊಬ್ಬ ಕುರ್ಟ್ ಶ್ರೆಕ್ಲಿಂಗ್, ಅವನೂ ಜರ್ಮನ್. ಹವ್ಯಾಸಿಯೊಬ್ಬ ಮನೆಯಲ್ಲೇ ಜೆಟ್ ಎಂಜಿನ್ ಮಾಡಬಹುದು ಅಂತ 1980ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟವನು. ಅವನ ಕಂಪ್ರೆಸರ್ ಚಕ್ರ ಪ್ಲೈವುಡ್‌ನದು, ಸಿಡಿಯದ ಹಾಗೆ ಸುತ್ತ ಕಾರ್ಬನ್ ನಾರು ಸುತ್ತಿದ್ದ. ಪ್ಲೈವುಡ್! ಮಾವನಿಗೆ ದೇವರ ಫೋಟೋ ಪಕ್ಕ ಇವನ ಫೋಟೋ ಇಡುವಷ್ಟು ಭಕ್ತಿ. ನಮಗೆ ಅದಕ್ಕಿಂತ ಹತ್ತಿರದ್ದು ‘ಕಾವೇರಿ’. ಬೆಂಗಳೂರಿನ ಜಿಟಿಆರ್‌ಇ ತೇಜಸ್‌ಗೆ ಅಂತ ಶುರು ಮಾಡಿದ ಎಂಜಿನ್‌ಗೆ ನಮ್ಮೂರ ಪಕ್ಕ ಹರಿಯುವ ನದಿಯ ಹೆಸರು. ತೇಜಸ್ ಕೊನೆಗೆ ಹಾರಿದ್ದು ಅಮೆರಿಕದ ಎಂಜಿನ್‌ನಲ್ಲಿ. ಕ್ಲಾಸಲ್ಲಿ ಅದನ್ನು ಹೇಳಿ ನಗುತ್ತಿದ್ದ ನಾವು ಒಂದು ಪ್ಲೈವುಡ್ ಗೋಡೆ ಅಂಟಿಸೋದರಲ್ಲೇ ಎಡವಿದ ಮೇಲೆ ನಗೋದು ಬಿಟ್ಟಿದ್ದೇವೆ.

ಆ ಅಂಟಿನ ವಿಷಯಕ್ಕೇ ಬರುತ್ತೇವೆ.

ಮಾವನದು ಒಂದು ನಿಯಮ. ಎಪಾಕ್ಸಿ ಕಲೆಸಿದ ಪ್ರತಿ ಕಾಗದದ ಕಪ್ಪನ್ನೂ ಎಸೆಯಬಾರದು. ಅದರ ಮೇಲೆ ನಂಬರ್, ತಾರೀಖು, ಯಾವ ಜಾಗಕ್ಕೆ ಹಾಕಿದ್ದು ಅಂತ ಬರೆದು ಕಿಟಕಿಯಲ್ಲಿ ಸಾಲಾಗಿ ಇಡಬೇಕು. ಒಳಗೆ ಅಂಟಿದ್ದು ಕಾಣಲ್ಲ, ಆದರೆ ಅದೇ ಅಂಟಿನ ಉಳಿಕೆ ಕಪ್ಪಲ್ಲಿ ಕಾಣುತ್ತೆ. ಕಾರ್ಖಾನೆಯಲ್ಲೂ ಭಾಗದ ಜೊತೆಗೆ ಒಂದು ಸ್ಯಾಂಪಲ್ ತುಂಡು ಒಣಗಿಸಿ ಅದನ್ನು ಪರೀಕ್ಷೆ ಮಾಡ್ತಾರಂತೆ. ನಮಗೆ ಅದು ಮುದುಕರ ಹಟ ಅನ್ನಿಸಿತ್ತು. ಸಾಲು ಬೆಳೀತಾ ಹೋಯ್ತು, ನಾವು ಬರೀತಾ ಹೋದ್ವಿ, ಯಾರೂ ಮುಟ್ಟಿ ನೋಡ್ತಿರಲಿಲ್ಲ.

ಐದನೇ ಸೆಮ್ ಮುಗಿಸಿ ಜನವರಿಯಲ್ಲಿ ಬಂದಾಗ ಕೆಲಸ ಬಹಳ ಮಟ್ಟಿಗೆ ಮುಗಿದಿತ್ತು. ಸರ್ವೊಗಳು ಕೂತಿದ್ದವು, ಟ್ಯಾಂಕ್ ಕೂತಿತ್ತು, ಮುಖ್ಯ ಚಕ್ರದ ಕಾಲುಗಳನ್ನು ಹೊರುವ ಅಡ್ಡಗೋಡೆಯ ಮೇಲೆ ವೈರಿಂಗ್ ತಟ್ಟೆಯನ್ನೂ ಅಂಟಿಸಿಯಾಗಿತ್ತು. ಒಂದು ಸಂಜೆ ಕಿಟಕಿ ಪಕ್ಕ ಟೀ ಕುಡಿಯುತ್ತಾ ನಮ್ಮಲ್ಲೊಬ್ಬ ಸುಮ್ಮನೆ ಕಪ್ಪುಗಳಿಗೆ ಉಗುರು ಒತ್ತುತ್ತಾ ಹೋದ. ಒಂದು, ಎರಡು, ಮೂರು, ಎಲ್ಲಾ ಗಾಜಿನ ಹಾಗೆ ಗಟ್ಟಿ. ಏಳನೇದರಲ್ಲಿ ಉಗುರು ಇಳಿಯಿತು. ಅರ್ಧಚಂದ್ರದ ಗುರುತು ಮೂಡಿತು. ಕಪ್ಪಿನ ಮೇಲೆ ನಮ್ಮದೇ ಅಕ್ಷರದಲ್ಲಿ ಬರೆದಿತ್ತು: “7, ಹಿಂದಿನ ಕಾಲು, ಗೋಡೆ.”

ಯಾಕೆ ಹೀಗಾಯ್ತು ಅನ್ನೋದು ಅವತ್ತು ರಾತ್ರಿಯೇ ಗೊತ್ತಾಯ್ತು. ಡಬ್ಬಿಯ ಮೇಲೆ ರೆಸಿನ್ 100ಕ್ಕೆ ಹಾರ್ಡ್ನರ್ 40 ಅಂತ ಇತ್ತು, ತೂಕದಲ್ಲಿ. ಅವತ್ತು ತಕ್ಕಡಿಯ ಬ್ಯಾಟರಿ ಮುಗಿದಿತ್ತು ಅಂತ ನಾವು ಸಿರಿಂಜಿನಲ್ಲಿ ಅಳೆದು ಹಾಕಿದ್ದೆವು, 100 ಮಿಲಿಗೆ 40 ಮಿಲಿ ಲೆಕ್ಕದಲ್ಲಿ. ರೆಸಿನ್ ಸಾಂದ್ರತೆ 1.15, ಹಾರ್ಡ್ನರ್ 0.95. ಅಂದರೆ ತೂಕದಲ್ಲಿ 40 ಬೀಳಬೇಕಾದ ಕಡೆ 33 ಬಿದ್ದಿದೆ. ಸಾಂದ್ರತೆ ಏನು ಅಂತ ಏಳನೇ ಕ್ಲಾಸಿನ ಹುಡುಗನಿಗೂ ಗೊತ್ತು. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಸು ಮಾಡಿದವರು.

ಈಗ ಹೇಳಬೇಕಾದ ಮಾತು. ನಾವು ಮೂರು ದಿನ ಮಾವನಿಗೆ ಹೇಳಲಿಲ್ಲ. ಕಾರಣಗಳು ಬೇಕಾದಷ್ಟು ಸಿಕ್ಕವು. ಕಪ್ಪಿನ ತಳದಲ್ಲಿ ಸರಿಯಾಗಿ ಕಲೆತಿರಲಿಲ್ಲ, ಒಳಗಿಂದು ಗಟ್ಟಿ ಇರಬಹುದು. ಸುತ್ತ ಕಾರ್ಬನ್ ನಾರು ಬೇರೆ ಹಾಕಿದ್ದೀವಿ. ಮತ್ತೆ ಬಿಚ್ಚಬೇಕಂದ್ರೆ ವೈರಿಂಗ್ ತಟ್ಟೆ ಕೊಯ್ಯಬೇಕು, ರಜೆ ಮುಗಿಯುತ್ತೆ. ಒಬ್ಬನಂತೂ “ಏಳನೇ ಕಪ್ ಎಸೆದ್ರಾಯ್ತು ಬುಡ್ರಲಾ” ಅಂದ. ಎಲ್ಲರೂ ನಕ್ಕೆವು, ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಾಕಂದರೆ ಅದು ನಿಜವಾಗಿಯೂ ಅಷ್ಟು ಸುಲಭವಾಗಿತ್ತು. ಸೀಮೆಎಣ್ಣೆ ತುಂಬಿದರೆ ಹದಿನೇಳು ಕಿಲೋ ಮೀರುವ ವಿಮಾನ ಇಳಿಯುವಾಗ ಕಾಲು ಕಿತ್ತು ಬಂದರೆ ಹೊಟ್ಟೆ ನೆಲಕ್ಕೆ ಉಜ್ಜುತ್ತೆ, ಎಣ್ಣೆಯ ಪೈಪ್ ಹರಿಯುತ್ತೆ, ಪಕ್ಕದಲ್ಲೇ ಐನೂರು ಡಿಗ್ರಿಗೂ ಹೆಚ್ಚು ಬಿಸಿಯ ಎಂಜಿನ್. ಹೊತ್ತಿ ಉರಿದ ಮೇಲೆ ಎಲ್ಲರೂ ಏನಂತಾರೆ? ಲ್ಯಾಂಡಿಂಗ್ ಸರಿ ಮಾಡಲಿಲ್ಲ, ಪೈಲಟ್ ತಪ್ಪು ಅಂತಾರೆ. ಅಂಟು ಯಾರಿಗೂ ನೆನಪಾಗಲ್ಲ. ನಮಗೆ ಭಯ ಆಗಿದ್ದು ಬೆಂಕಿಗಿಂತ ಇದಕ್ಕೆ.

ನಾಲ್ಕನೇ ದಿನ ಬೆಳಿಗ್ಗೆ ಕಪ್ಪನ್ನು ತಗೊಂಡು ಹೋಗಿ ಮಾವನ ಮುಂದೆ ಇಟ್ಟೆವು. ಅವರು ಉಗುರು ಒತ್ತಿ ನೋಡಿದರು. ಬೈಯ್ಯಲಿಲ್ಲ, ಮಾತೂ ಆಡಲಿಲ್ಲ. ಮಧ್ಯಾಹ್ನ ಊಟದಲ್ಲೂ ಇಲ್ಲ. ಸಂಜೆ ಬಂದು, “ಯಾವತ್ತು ನೋಡಿದ್ದು?” ಅಂತ ಒಂದೇ ಪ್ರಶ್ನೆ. ಮೂರು ದಿನ ಆಯ್ತು ಅಂದೆವು. “ಆ ಮೂರು ದಿನದ ಮಾತು ಬೇಸರ ಆಯ್ತು” ಅಂದವರೇ ಗರಗಸದ ಅಲಗು ತಂದು ಕೊಟ್ಟರು.

ಗೋಡೆ ಬಿಚ್ಚೋಕೆ ಎರಡು ದಿನ ಹಿಡಿಯಿತು. ಹಳೇ ಅಂಟು ಒಳಗೂ ಚ್ಯೂಯಿಂಗ್ ಗಮ್ ಥರ ಎದ್ದು ಬಂತು, ಕಪ್ ಸುಳ್ಳು ಹೇಳಿರಲಿಲ್ಲ. ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಹೊಸ ಬ್ಯಾಟರಿ ಹಾಕಿದ ತಕ್ಕಡಿಯಲ್ಲಿ ತೂಗಿ ಮತ್ತೆ ಅಂಟಿಸಿದೆವು. ಹೊಸ ನಾರು ಸೇರಿ 180 ಗ್ರಾಂ ಜಾಸ್ತಿಯಾಯ್ತು. ಅದು ಗುರುತ್ವ ಕೇಂದ್ರದಿಂದ 8 ಸೆಂಟಿಮೀಟರ್ ಹಿಂದೆ, ಹಾಗಾಗಿ 450 ಗ್ರಾಂ ಬ್ಯಾಟರಿಯನ್ನು 3 ಸೆಂಟಿಮೀಟರ್ ಮುಂದಕ್ಕೆ ತಳ್ಳಬೇಕಾಯ್ತು. ಮೊಮೆಂಟ್ ಲೆಕ್ಕ ಜೀವನದಲ್ಲಿ ಮೊದಲ ಸಲ ಅಂಕಕ್ಕಲ್ಲದೆ ಮಾಡಿದ್ದು.

ಗುರುತ್ವ ಕೇಂದ್ರ ನೋಡೋಕೆ ರೆಕ್ಕೆ ಹಾಕಲೇಬೇಕು, ಮಗ್ಗದ ಕೋಣೆ ಅದಕ್ಕೆ ಸಾಲದು. ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ಯಳಂದೂರಿಗೆ ಒಯ್ದೆವು. ಅಲ್ಲಿ ನಮ್ಮವನ ಮನೆಯ ಹಳೇ ಆಲೆಮನೆಯ ತೊಲೆಗೆ ಎರಡು ಬೆಲ್ಟ್ ಕಟ್ಟಿ ನೇತುಹಾಕಿದಾಗ ಮೂಗು ಒಂಚೂರು ಕೆಳಗೆ ವಾಲಿ ನಿಂತಿತು, ಅದೇ ಬೇಕಾಗಿದ್ದು. ಬಳೇಮಂಟಪ ನೋಡೋಕೆ ಬಂದವರಿಬ್ಬರು ದಾರಿ ಕೇಳೋ ನೆಪದಲ್ಲಿ ಬಂದು ಇದನ್ನೇ ನೋಡ್ಕೊಂಡು ನಿಂತರು. ಕಲ್ಲಲ್ಲಿ ಬಳೆ ಕೊರೆದ ಊರಿನವರಿಗೆ ನಮ್ಮ ಕೆಲಸ ಏನು ದೊಡ್ಡದು ಅಂತ ಯಳಂದೂರಿನವನ ತಮಾಷೆ.

ಎಂಜಿನ್ ಹೊತ್ತಿಸಿದ್ದು ಹನೂರಿನ ಹತ್ತಿರ, ಮನೆಗಳಿಂದ ದೂರದ ಒಂದು ಕಲ್ಲುಬಂಡೆಯ ಕಣದ ಮೇಲೆ. ಫೆಬ್ರವರಿ, ಸುತ್ತ ಎಲ್ಲಾ ಒಣ ಹುಲ್ಲು, ಬಂಡೆಯ ಮೇಲೆ ಮಾತ್ರ ಉರಿಯೋಕೆ ಏನೂ ಇಲ್ಲ. ವಿಮಾನವನ್ನು ಹಗ್ಗದಲ್ಲಿ ಬಿಗಿದು ಕಟ್ಟಿದೆವು. ಒಬ್ಬನ ಕೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಪಕ್ಕದಲ್ಲಿ ನೀರಿನ ಬಿಂದಿಗೆಗಳು. ಸೀಮೆಎಣ್ಣೆಗೆ ಬೇರಿಂಗ್‌ಗೆ ಅಂತ ಶೇಕಡಾ 5 ಟರ್ಬೈನ್ ಆಯಿಲ್ ಬೆರೆಸಿದ್ದೆವು. ಹನೂರಿನವನ ಅಜ್ಜಿ ಕ್ಯಾನ್ ನೋಡಿ, “ಎಷ್ಟು ಕುಡಿತದೆ ಇದು?” ಅಂತ ಕೇಳಿದರು. ಪೂರ್ತಿ ಬಿಟ್ಟರೆ ನಿಮಿಷಕ್ಕೆ ಅರ್ಧ ಲೀಟರ್ ಅಂದ್ವಿ. “ಒಂದ್ ಲೀಟ್ರು ಸೀಮೆಣ್ಣೆಗೆ ಒತ್ತಾರೆಯಿಂದ ಕ್ಯೂ ನಿಂತಿದ್ದೋ ಕಣಪ್ಪ, ಅದ್ರಲ್ಲಿ ತಿಂಗ್ಳು ದೀಪ ಉರೀತಿತ್ತು” ಅಂದರು. ಅದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಸ್ಟಾರ್ಟರ್ ಮೋಟರ್ ಕೊಯ್ ಅಂತ ತಿರುಗಿತು. ಬುಸ್ ಅಂತ ಒಂದು ಉಸಿರು, ಹಿಂದೆ ಚೂರು ಕೆಂಪು, ಆಮೇಲೆ ಕೆಂಪು ಮಾಯವಾಗಿ ಸಿಳ್ಳೆ ಏರುತ್ತಾ ಹೋಯಿತು. 33,000 ಸುತ್ತಿನಲ್ಲಿ ನಿಂತಿತು, ಅದು ಅದರ ಸುಮ್ಮನಿರುವ ವೇಗ. ನಿಧಾನಕ್ಕೆ ಏರಿಸಿದಾಗ ಹಗ್ಗ ತಂತಿಯಾಯಿತು, ಎದೆಯೊಳಗೆ ನಡುಕ. ಮಾವ ಕಿವಿ ಮುಚ್ಚಿಕೊಳ್ಳಲಿಲ್ಲ. ನಿಲ್ಲಿಸಿದ ಮೇಲೂ ಸ್ಟಾರ್ಟರ್ ತಾನೇ ತಿರುಗಿಸಿ ತಿರುಗಿಸಿ ಎಂಜಿನ್ ತಣ್ಣಗೆ ಮಾಡಿಕೊಳ್ಳುತ್ತೆ, ಅದು ಮುಗಿಯೋವರೆಗೂ ಯಾರೂ ಕದಲಲಿಲ್ಲ.

ಇಲ್ಲೇ ಹಾರಿಸಿ ಅಂತ ಊರಿನ ಹುಡುಗರು ಗಂಟು ಬಿದ್ದರು. ನಾವು ಒಪ್ಪಲಿಲ್ಲ. ಡ್ರೋನ್ ನಿಯಮದಲ್ಲಿ 25 ಕಿಲೋವರೆಗಿನ ಮಾಡೆಲ್‌ಗಳಿಗೆ ಜಾಗ ಇದೆ ನಿಜ, ಆದರೆ ನಮ್ಮ ಮೂರೂ ತಾಲ್ಲೂಕಿನ ಅಂಚಿಗೆ ಕಾಡು ತಗುಲಿಕೊಂಡಿದೆ: ಒಂದು ಕಡೆ ಬಿಆರ್‌ಟಿ ಹುಲಿ ಸಂರಕ್ಷಿತ ಪ್ರದೇಶ, ಇನ್ನೊಂದು ಕಡೆ ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳು. ಬೇಸಿಗೆಯಲ್ಲಿ ಒಂದು ಬೀಡಿ ತುಂಡಿಗೆ ಗುಡ್ಡ ಉರಿಯೋದನ್ನು ನೋಡಿ ಬೆಳೆದವರು ನಾವು. ನಾಲ್ಕು ಲೀಟರ್ ಸೀಮೆಎಣ್ಣೆ ಹೊತ್ತ ಬಿಸಿ ಎಂಜಿನ್ ಅಲ್ಲೆಲ್ಲೋ ಬಿದ್ದರೆ?

ಹಾರಿದ್ದು ಮಾರ್ಚ್‌ನಲ್ಲಿ, ಬೆಂಗಳೂರಿನಾಚೆ ಒಂದು ಡಾಂಬರು ರನ್‌ವೇಯಲ್ಲಿ, ಮಾವನ ಹಳೇ ಸ್ನೇಹಿತರೊಬ್ಬರ ಕೈಯಲ್ಲಿ. ಐದು ನಿಮಿಷ. ಆಕಾಶದಲ್ಲಿ ಏನೇನು ಮಾಡಿತು ಅಂತ ಕೇಳಿದರೆ ನಮಗೆ ಸರಿಯಾಗಿ ನೆನಪಿಲ್ಲ, ನಾವು ಕಾಯ್ತಾ ಇದ್ದಿದ್ದು ಇಳಿಯೋದನ್ನು. ಮೊದಲ ಸಲ ನೆಲ ಮುಟ್ಟಿ ಪುಟಿಯಿತು, ಜೋರಾಗೇ ಪುಟಿಯಿತು, ಇನ್ನೊಮ್ಮೆ ಕೂತು ಓಡಿ ನಿಂತಿತು. ಕಾಲುಗಳು ಇದ್ದ ಕಡೆಯೇ ಇದ್ದವು. ಸ್ನೇಹಿತರು ಮಾವನ ಕಡೆ ತಿರುಗಿ, ಲ್ಯಾಂಡಿಂಗ್ ಕೆಟ್ಟದಾಯ್ತು, ಕ್ಷಮಿಸಿ ಅಂದರು.

ಏಳನೇ ಕಪ್ ಈಗ ಕೊಳ್ಳೇಗಾಲದ ಮನೆಯ ಟೀವಿ ಸ್ಟ್ಯಾಂಡ್ ಮೇಲಿದೆ. ಮನೆಗೆ ಯಾರು ಬಂದರೂ ಮಾವ ಅವರಿಗೆ ವಿಮಾನ ತೋರಿಸೋ ಮೊದಲು ಅದನ್ನು ಕೈಗೆ ಕೊಟ್ಟು, ಉಗುರು ಒತ್ತಿ ನೋಡಿ ಅಂತಾರೆ. ಇನ್ನೂ ಇಳಿಯುತ್ತೆ.