ಹೂಗಿಡಗಳಿಗೆ ಹಳೇ ಸೀರೆ ಹೊದಿಸಿದ ರಾತ್ರಿ

ಮಗಳ ಬಾಣಂತನಕ್ಕೆಂದು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿಗೆ ಹೋಗಿದ್ದೆ. ಫೆಬ್ರವರಿ ಕೊನೆಯಲ್ಲೇ ಹಿತವಾದ ಬಿಸಿಲು. ಎಲೆಯೇ ಇಲ್ಲದ ಫಾರ್ಸಿತಿಯಾ ಕಡ್ಡಿಗಳ ತುಂಬ ಹಳದಿ ಹೂ, ಬೇಲಿ ಪಕ್ಕ ಗುಲಾಬಿ ಬಣ್ಣದ ಕ್ಯಾಮೆಲಿಯಾ. ಚಳಿ ಮುಗೀತು ಅಂತ ಸ್ವೆಟರ್ ಒಗೆದು ಎತ್ತಿಟ್ಟೆ.

ಮಾರ್ಚ್ ಎರಡನೇ ವಾರ ಮಗಳು ಫೋನ್ ನೋಡುತ್ತಾ, "ಅಮ್ಮಾ, ಇವತ್ತು ರಾತ್ರಿ ಮೈನಸ್ 4 ಡಿಗ್ರಿಯಂತೆ. ಹೈಡ್ರೇಂಜಿಯ ಈ ವರ್ಷವೂ ಹೂ ಬಿಡಲ್ಲ ಬಿಡು" ಅಂದಳು. ಅವಳ ದನಿ ಕೇಳಿ ಸಂಕಟವಾಯಿತು. ಕೊಪ್ಪದ ನಮ್ಮ ಅಂಗಳದಲ್ಲಿರುವ ನೀಲಿ ಚೆಂಡಿನಂಥ ಹೂವೇ ಬೇಕೆಂದು ಹುಡುಕಿ ನೆಟ್ಟ 3 ಗಿಡಗಳವು. ಅಲ್ಲಿಯದೂ ಹುಳಿ ಮಣ್ಣು, ಹೂ ನೀಲಿಯೇ ಆಗುತ್ತದೆ. ಆದರೆ ಹಿಂದಿನ ವರ್ಷದ ಕಡ್ಡಿಯಲ್ಲೇ ಈ ವರ್ಷದ ಮೊಗ್ಗು ಅಡಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಡುವೆ ಬಿಸಿಲು ಬಂದರೆ ಗಿಡ ಮೋಸಹೋಗಿ ಚಿಗುರುತ್ತದೆ. ಆಮೇಲೆ ಒಂದೇ ರಾತ್ರಿಯ ಚಳಿ ಸಾಕು. ಗಿಡ ಸಾಯಲ್ಲ, ಬುಡದಿಂದ ಎಲೆ ಬರುತ್ತೆ, ಹೂ ಮಾತ್ರ ಇಲ್ಲ.

ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಹೇಳಿದ್ದನ್ನು ಅಳಿಯ ಕನ್ನಡದಲ್ಲಿ ತಿಳಿಸಿದರು. ಮಧ್ಯಾಹ್ನವೇ ಬುಡಕ್ಕೆ ನೀರು ಕೊಡಬೇಕು, ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಡುತ್ತದೆ. ಹೊದಿಕೆ ನೆಲ ಮುಟ್ಟಬೇಕು, ಮಣ್ಣಿನ ಕಾವು ಒಳಗೇ ಉಳಿಯಲು. ಪ್ಲಾಸ್ಟಿಕ್ ಬೇಡ, ಎಲೆಗೆ ತಾಗಿದ ಕಡೆ ಸುಟ್ಟಂತಾಗುತ್ತದೆ.

ಬಟ್ಟೆ ಎಲ್ಲಿಂದ ತರೋಣ? ಮಗುವಿಗೆ ಸುತ್ತಲು ಊರಿಂದ ಒಯ್ದಿದ್ದ ಹಳೇ ಕಾಟನ್ ಸೀರೆಗಳು ಇದ್ದವು. (ಅವನ್ನು ಹೊತ್ತೊಯ್ದದ್ದಕ್ಕೆ ಮಗಳು ನಕ್ಕಿದ್ದಳು!) ಕೋಲು ನೆಟ್ಟು 2 ಹೈಡ್ರೇಂಜಿಯಗಳಿಗೆ, ಮೊಗ್ಗಾಗಿದ್ದ ಅಜೇಲಿಯಾಕ್ಕೆ ಎರಡೆರಡು ಪದರ ಹೊದಿಸಿ ಅಂಚಿಗೆ ಇಟ್ಟಿಗೆ ಇಟ್ಟೆವು. ಅಷ್ಟಕ್ಕೇ ಸೀರೆ ಮುಗಿಯಿತು. ಮೂರನೇ ಗಿಡ ಹಾಗೇ ನಿಂತಿತು. ರಾತ್ರಿ ಮಗುವಿಗೆ ಎದ್ದಾಗಲೆಲ್ಲ ಕಿಟಕಿಯಿಂದ ಅದನ್ನೇ ನೋಡಿದೆ.

ಬೆಳಗ್ಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದಂತೆ ಬೆಳ್ಳಗೆ. ಅರಳಿದ್ದ ಕ್ಯಾಮೆಲಿಯಾ ಹೂಗಳೆಲ್ಲ ಚಹಾ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿದ್ದವು, ಬಿಗಿಯಾಗಿದ್ದ ಮೊಗ್ಗು ಮಾತ್ರ ಉಳಿದಿದ್ದವು. ಬಿಸಿಲು ಏರಿದ ಮೇಲೆ ಸೀರೆ ತೆಗೆದೆವು. ಬರಿಮೈಯ ಹೈಡ್ರೇಂಜಿಯದ ಚಿಗುರು ಕಪ್ಪಾಗಿ ಜೋತುಬಿದ್ದಿತ್ತು. ಕತ್ತರಿಸಲು ಹೋದ ನನ್ನನ್ನು ಅಜ್ಜಿ ತಡೆದರು. ಯಾವ ಕಡ್ಡಿಯಲ್ಲಿ ಜೀವ ಇದೆಯೋ ಈಗಲೇ ತಿಳಿಯದು, ಕಾಯಿರಿ ಎಂದರು.

ನಾನು ಏಪ್ರಿಲ್‌ನಲ್ಲಿ ವಾಪಸ್ ಬಂದೆ. ಜೂನ್‌ನಲ್ಲಿ, ಕೊಪ್ಪದಲ್ಲಿ ಮಳೆ ಹಿಡಿದಿದ್ದಾಗ, ಮಗಳು ಫೋಟೋ ಕಳಿಸಿದಳು. ಎರಡು ಗಿಡದಲ್ಲಿ ನೀಲಿ ಚೆಂಡುಗಳು, ನಡುವೆ ಮೂರನೆಯದು ಬರೀ ಹಸಿರು. ಕೆಳಗೆ ಬರೆದಿದ್ದಳು: "ಮುಂದಿನ ಸಲ ಇನ್ನೆರಡು ಸೀರೆ ಹೆಚ್ಚಿಗೆ ತಾ ಅಮ್ಮ."